ಅಂಗಡಿಯಲ್ಲಿ ಕೆಡುತ್ತದೆ, ನನ್ನ ಟೇಬಲ್ ಮೇಲೆ ಸರಿ ಇದೆ: ಡೆಸ್ಕ್‌ಟಾಪ್ ಸಾಫ್ಟ್‌ವೇರ್ ತೊಂದರೆ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಉಡುಪಿ, ಮಲ್ಪೆ, ಮಂಗಳೂರು ಬಂದರು ಕಡೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಸಿಹಿತಿಂಡಿ ಅಂಗಡಿ, ಅಡಿಕೆ ವ್ಯಾಪಾರ, ಮೀನಿನ ಹೋಲ್‌ಸೇಲ್, ಒಂದೆರಡು ಸೊಸೈಟಿ. ಎಲ್ಲವೂ ವಿಂಡೋಸ್ ಮೇಲೆ ಓಡುವ ಪ್ರೋಗ್ರಾಂಗಳು. ಹೆಚ್ಚಿನವನ್ನು ಸಿ ಶಾರ್ಪ್ ಭಾಷೆಯಲ್ಲಿ, ಕಿಟಕಿ, ಬಟನ್ ಮಾಡಿಕೊಡುವ ವಿನ್‌ಫಾರ್ಮ್ಸ್ ಲೈಬ್ರರಿ ಬಳಸಿ ಬರೆದಿದ್ದೇನೆ. ನೀವು ಪೈಥಾನ್ ಅಥವಾ ಜಾವಾದಲ್ಲಿ ಬರೆಯುವವರಾದರೂ ಇಲ್ಲಿರುವ ಮುಕ್ಕಾಲು ಪಾಲು ನಿಮಗೂ ಉಪಯೋಗಕ್ಕೆ ಬರುತ್ತದೆ.

ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯಿಂದ ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು ಕೋಡ್ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ಕೆಟ್ಟಿತು ಅಂದಾಗ ಕೈ ನಿಂತುಬಿಡುತ್ತದೆ. ಆಗ ಊಹೆ ಶುರು. "ಇದಿರಬಹುದು" ಅಂತ ಒಂದು ಸಾಲು ಬದಲಿಸುವುದು, ಕಳಿಸುವುದು, ಮತ್ತೆ ಫೋನ್ ಬರುವುದು. ಅವರಿಗೆ ನಾನು ಮೊದಲ ವಾರ ಒಂದೇ ಮಾತು ಹೇಳುತ್ತೇನೆ: ಕಣ್ಣಿಗೆ ಕಾಣುವ ಒಂದು ಪುರಾವೆ ಸಿಗುವ ತನಕ ಕೋಡ್ ಮುಟ್ಟಬೇಡಿ. ಆ ಪುರಾವೆಯನ್ನು ಎಲ್ಲೆಲ್ಲಿ ಹುಡುಕುವುದು ಅನ್ನುವುದೇ ಈ ಬರಹ.

ಫೋನ್ ಬಂದ ಕೂಡಲೇ

"ಮಾರಾಯ್ರೇ, ನಿಮ್ಮ ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ." ಹೆಚ್ಚಿನ ಕರೆಗಳು ಹೀಗೇ ಶುರುವಾಗುತ್ತವೆ. ಅಂಗಡಿಯವರ ಮಾತಿನಲ್ಲಿ "ಹ್ಯಾಂಗ್" ಅಂದರೆ ಐದಾರು ಬೇರೆ ಬೇರೆ ಸಂಗತಿ. ಪ್ರೋಗ್ರಾಂ ಓಪನ್ ಆಗದಿರಬಹುದು. ಓಪನ್ ಆಗಿ ಬಿಳಿಚಿ ನಿಂತಿರಬಹುದು. ಎರರ್ ಪೆಟ್ಟಿಗೆ ಬಂದಿರಬಹುದು. ತನ್ನಷ್ಟಕ್ಕೆ ಮುಚ್ಚಿಹೋಗಿರಬಹುದು. ಪ್ರಿಂಟರಿನಲ್ಲಿ ಪೇಪರ್ ಮುಗಿದಿದ್ದಕ್ಕೂ ಒಮ್ಮೆ ನನಗೆ ಇದೇ ಕರೆ ಬಂದಿದೆ. ಅವರದ್ದು ತಪ್ಪಲ್ಲ. ಎದುರಿಗೆ ಗಿರಾಕಿಗಳು ನಿಂತಿರುತ್ತಾರೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ: "ಈಗ ಸ್ಕ್ರೀನ್ ಮೇಲೆ ಎಂತ ಕಾಣ್ತಾ ಉಂಟು?" ಓಕೆ ಒತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಳಿಸಲು ಹೇಳುತ್ತೇನೆ. ಎರರಿನ ಅಕ್ಷರ ಅಕ್ಷರವೂ ಬೇಕು. ಫೋನಿನಲ್ಲಿ ಓದಿ ಹೇಳಿದರೆ ಅರ್ಧ ತಪ್ಪಿಹೋಗುತ್ತದೆ.

ಆಮೇಲೆ ಇಷ್ಟು ಕೇಳಿ. ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ? ಅದರ ನಂತರ ಏನು ಬದಲಾಯಿತು: ವಿಂಡೋಸ್ ಅಪ್‌ಡೇಟ್, ಹೊಸ ಪ್ರಿಂಟರ್, ಹೊಸ ಆಂಟಿವೈರಸ್? ಒಂದು ಕೌಂಟರಿನಲ್ಲಿ ಮಾತ್ರವಾ, ಎಲ್ಲದರಲ್ಲೂ ಹಾಗೆಯಾ? ಪ್ರತಿ ಸಲವಾ, ಯಾವಾಗಲೋ ಒಮ್ಮೆಯಾ? ಈ ನಾಲ್ಕರಲ್ಲಿ ಮೂರನೆಯದು ತುಂಬ ಬೆಲೆಯದ್ದು. ಒಂದೇ ಕೌಂಟರಿನಲ್ಲಿ ಆದರೆ ಆ ಕಂಪ್ಯೂಟರಿನ ಸೆಟ್ಟಿಂಗ್ ನೋಡಬೇಕು. ಎಲ್ಲ ಕೌಂಟರಿನಲ್ಲೂ ಆದರೆ ಡೇಟಾಬೇಸ್, ನೆಟ್‌ವರ್ಕ್ ಅಥವಾ ನಿಮ್ಮ ಹೊಸ ವರ್ಶನ್ ನೋಡಬೇಕು.

"ಒಮ್ಮೆ ರೀಸ್ಟಾರ್ಟ್ ಮಾಡಿ" ಅಂತ ಮೊದಲೇ ಹೇಳಬೇಡಿ. ರೀಸ್ಟಾರ್ಟ್ ಆದರೆ ಪುರಾವೆ ಹೋಯಿತು. ಪ್ರೋಗ್ರಾಂ ಬಿಳಿಚಿ ನಿಂತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೋಗ್ರಾಂ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಡಂಪ್ ಫೈಲ್ ಮಾಡುವ ಆಯ್ಕೆ ಇರುತ್ತದೆ. ಆ ಕ್ಷಣದಲ್ಲಿ ಪ್ರೋಗ್ರಾಂ ಒಳಗೆ ಏನು ನಡೆಯುತ್ತಿತ್ತು ಅನ್ನುವುದೆಲ್ಲ ಆ ಫೈಲಿನಲ್ಲಿ ಉಳಿಯುತ್ತದೆ. ಅದನ್ನು ಸೇವ್ ಮಾಡಿಸಿ, ಆಮೇಲೆ ಮುಚ್ಚಲು ಹೇಳಿ. ಎಲ್ಲ ಸೇರಿ ಒಂದೆರಡು ನಿಮಿಷ. ಡಂಪ್ ಫೈಲನ್ನು ಮನೆಗೆ ತಂದು, ನಾವು ಕೋಡ್ ಬರೆಯುವ ವಿಶುವಲ್ ಸ್ಟುಡಿಯೋದಲ್ಲಿ ತೆರೆಯಬಹುದು.

ಲಾಗ್ ಇಲ್ಲದ ಪ್ರೋಗ್ರಾಂ ಕೊಡಬೇಡಿ

ಲಾಗ್ ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ. ಫೈಲಿಗೆ ಬರೆಯುವ ಒಂದು ಸರಳ ಲಾಗ್ ಸಾಕು. ಪ್ರತಿ ಸಾಲಿನಲ್ಲಿ ತಾರೀಕು, ಸಮಯ, ವರ್ಶನ್ ನಂಬರ್, ಕಂಪ್ಯೂಟರಿನ ಹೆಸರು, ಆಗ ನಡೆಯುತ್ತಿದ್ದ ಕೆಲಸ. ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಏಳುವ ದೋಷ) ಬಂದರೆ ಅದರ ಮೆಸೇಜ್ ಮಾತ್ರ ಬರೆಯಬೇಡಿ, ಇಡೀ ಎಕ್ಸೆಪ್ಶನ್ ಬರೆಯಿರಿ. ಒಳಗಿನ ಎಕ್ಸೆಪ್ಶನ್‌ನಲ್ಲೇ ಎಷ್ಟೋ ಸಲ ನಿಜವಾದ ಕಾರಣ ಇರುತ್ತದೆ. ಗಿರಾಕಿಗಳ ಫೋನ್ ನಂಬರ್, ಪಾಸ್‌ವರ್ಡ್ ಲಾಗ್‌ಗೆ ಹೋಗದಂತೆ ನೋಡಿಕೊಳ್ಳಿ.

ಯಾರೂ ಹಿಡಿಯದ ಎಕ್ಸೆಪ್ಶನ್‌ಗಳನ್ನು ಹಿಡಿಯಲು ವಿನ್‌ಫಾರ್ಮ್ಸ್‌ನಲ್ಲಿ ಎರಡು ಕಡೆ ಬಲೆ ಹಾಕಬೇಕು. ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಕೆಲಸಗಳು ಒಂದರ ಹಿಂದೊಂದು ನಡೆಯುವ ಒಂದು ದಾರಿ. ಕಿಟಕಿಯ ಥ್ರೆಡ್‌ನಲ್ಲಿ ಆಗುವುದಕ್ಕೆ "ಥ್ರೆಡ್‌ಎಕ್ಸೆಪ್ಶನ್", ಉಳಿದ ಕಡೆ ಆಗುವುದಕ್ಕೆ "ಅನ್‌ಹ್ಯಾಂಡಲ್ಡ್‌ಎಕ್ಸೆಪ್ಶನ್". ಎರಡನ್ನೂ ಮೇನ್ ಫಂಕ್ಷನ್‌ನ ಮೊದಲ ಸಾಲುಗಳಲ್ಲೇ, ಯಾವ ಕಿಟಕಿ ತೆರೆಯುವ ಮೊದಲೇ ಬರೆಯಿರಿ. ಒಂದನ್ನು ಮಾತ್ರ ಹಾಕಿ "ಲಾಗ್‌ನಲ್ಲಿ ಏನೂ ಇಲ್ಲ" ಅನ್ನುವವರನ್ನು ಜಾಸ್ತಿ ನೋಡಿದ್ದೇನೆ.

ಇನ್ನು ಖಾಲಿ ಕ್ಯಾಚ್. ಕ್ಯಾಚ್ ಅಂದರೆ ಎಕ್ಸೆಪ್ಶನ್ ಬಂದರೆ ಏನು ಮಾಡಬೇಕು ಅಂತ ಬರೆಯುವ ಜಾಗ. ಟ್ರೈ ಬರೆದು, ಕ್ಯಾಚ್ ಒಳಗೆ ಏನೂ ಬರೆಯದೆ ಬಿಡುವುದು. ಎರರ್ ಕಾಣುವುದಿಲ್ಲ, ಅಷ್ಟೇ. ಬಿಲ್ ಸೇವ್ ಆಗಿರುವುದಿಲ್ಲ, ಸೇವ್ ಆಯಿತು ಅಂತ ಅಂಗಡಿಯವರು ನಂಬಿರುತ್ತಾರೆ. ಹಳೆಯ ಕೋಡ್ ಕೈಗೆ ಬಂದರೆ ನಾನು ಮೊದಲು ಖಾಲಿ ಕ್ಯಾಚ್ ಹುಡುಕಿ, ಪ್ರತಿಯೊಂದರಲ್ಲೂ ಒಂದು ಲಾಗ್ ಸಾಲು ಸೇರಿಸುತ್ತೇನೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಅಷ್ಟಕ್ಕೇ ಎಷ್ಟೋ ತೊಂದರೆಗಳ ಗುಟ್ಟು ಬಿಡುತ್ತದೆ.

ಎಕ್ಸೆಪ್ಶನ್ ಜೊತೆ ಬರುವ, ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿಯೇ ಸ್ಟ್ಯಾಕ್ ಟ್ರೇಸ್. ಅದನ್ನು ಓದುವ ರೀತಿ ಹೀಗೆ. ಎಲ್ಲಕ್ಕಿಂತ ಮೇಲಿನ ಸಾಲು, ಸಿಡಿದ ಜಾಗ. ಅಲ್ಲಿ ಸಾಮಾನ್ಯವಾಗಿ ಲೈಬ್ರರಿಯ ಹೆಸರುಗಳೇ ಇರುತ್ತವೆ. ಅವನ್ನು ಬಿಟ್ಟು ಕೆಳಗೆ ಬನ್ನಿ. ನಿಮ್ಮ ಪ್ರಾಜೆಕ್ಟಿನ ಹೆಸರಿರುವ ಮೊದಲ ಸಾಲಿನಲ್ಲಿ ನಿಲ್ಲಿ. ಅಲ್ಲಿಗೆ ತಪ್ಪು ಬೆಲೆ ಎಲ್ಲಿಂದ ಬಂತು ಅಂತ ಇನ್ನೂ ಕೆಳಗಿನ ಸಾಲುಗಳು ಹೇಳುತ್ತವೆ. ಸಾಲಿನ ನಂಬರ್ ಕಾಣಬೇಕಾದರೆ ಆ ವರ್ಶನ್‌ನ ಪಿಡಿಬಿ ಫೈಲ್ (ಬಿಲ್ಡ್ ಮಾಡುವಾಗ ಸಿಗುವ ಡಿಬಗ್ ಮಾಹಿತಿಯ ಫೈಲ್) ಬೇಕು. ಗಿರಾಕಿಗೆ ಕೊಟ್ಟ ಪ್ರತಿ ವರ್ಶನ್‌ನದ್ದನ್ನೂ ಎತ್ತಿಡಿ.

ನಿಮ್ಮ ಲಾಗ್ ಶುರುವಾಗುವ ಮೊದಲೇ ಪ್ರೋಗ್ರಾಂ ಸತ್ತರೆ? ಆಗ ವಿಂಡೋಸ್‌ನದ್ದೇ ಈವೆಂಟ್ ವ್ಯೂವರ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಆ ಸಮಯದಲ್ಲಿ ಕೆಂಪು ಗುರುತಿನ ಸಾಲು ಇದೆಯಾ ನೋಡಿ. "ಡಾಟ್‌ನೆಟ್ ರನ್‌ಟೈಮ್" ಅಂತ ಇದ್ದರೆ ಒಳಗೆ ಎಕ್ಸೆಪ್ಶನ್ ಪೂರ್ತಿ ಸಿಗುತ್ತದೆ. "ಅಪ್ಲಿಕೇಶನ್ ಎರರ್" ಅಂತ ಇದ್ದರೆ ಯಾವ ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಲೈಬ್ರರಿ ಫೈಲ್) ಒಳಗೆ ಬಿತ್ತು ಅನ್ನುವುದು ಬರೆದಿರುತ್ತದೆ. ಅಲ್ಲಿ ಪ್ರಿಂಟರ್ ಡ್ರೈವರಿನ ಹೆಸರಿದ್ದರೆ ಮೊದಲು ಆ ಡ್ರೈವರ್ ಬದಲಿಸಿ ನೋಡಿ, ನಿಮ್ಮ ಕೋಡ್ ಆಮೇಲೆ.

ಓಪನ್ ಆಗುತ್ತಲೇ ಇಲ್ಲ

ನಿಮ್ಮಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ ಅಂದರೆ ನಿಮ್ಮಲ್ಲಿ ಇರುವ ಏನೋ ಅಲ್ಲಿ ಇಲ್ಲ. ಸಾಮಾನ್ಯವಾಗಿ ಅದು ರನ್‌ಟೈಮ್, ಅಂದರೆ ಪ್ರೋಗ್ರಾಂ ಓಡಲು ಬೇಕಾದ ಡಾಟ್‌ನೆಟ್ ಫೈಲುಗಳು. ಡಾಟ್‌ನೆಟ್ ಫ್ರೇಮ್‌ವರ್ಕ್ 4.8ಕ್ಕೆ ಬರೆದದ್ದಾದರೆ ವಿಂಡೋಸ್ 11ರಲ್ಲಿ ಅದು ಮೊದಲೇ ಇರುತ್ತದೆ. ಡಾಟ್‌ನೆಟ್ 8ಕ್ಕೆ ಬರೆದದ್ದಾದರೆ ಇರುವುದಿಲ್ಲ. ಡೆಸ್ಕ್‌ಟಾಪ್ ರನ್‌ಟೈಮ್ ಬೇರೆಯಾಗಿ ಹಾಕಬೇಕು, ಇಲ್ಲವೇ ರನ್‌ಟೈಮನ್ನು ಪ್ರೋಗ್ರಾಂ ಜೊತೆಗೇ ಸೇರಿಸಿ ಸೆಲ್ಫ್ ಕಂಟೇನ್ಡ್ ಆಗಿ ಪಬ್ಲಿಶ್ ಮಾಡಬೇಕು. ಫೈಲ್ ದೊಡ್ಡದಾಗುತ್ತದೆ, ಆದರೆ ಅರ್ಧ ಫೋನ್ ಕರೆಗಳು ನಿಲ್ಲುತ್ತವೆ. ಸಣ್ಣ ಅಂಗಡಿಗಳಿಗೆ ನಾನು ಹೀಗೇ ಕೊಡುತ್ತೇನೆ. ವಿಂಡೋಸ್ 7 ಇರುವ ಕಂಪ್ಯೂಟರ್ ಈಗಲೂ ಅಲ್ಲಲ್ಲಿ ಸಿಗುತ್ತದೆ. ಡಾಟ್‌ನೆಟ್ 8ಕ್ಕೆ ಅಲ್ಲಿ ಬೆಂಬಲ ಇಲ್ಲ. ಕೊಡುವ ಮೊದಲೇ ಕೇಳಿಕೊಳ್ಳಿ.

ಎರಡನೆಯದು 32 ಬಿಟ್, 64 ಬಿಟ್ ಗಲಾಟೆ. 64 ಬಿಟ್ ಪ್ರೋಗ್ರಾಂ ಒಳಗೆ 32 ಬಿಟ್ ಡಿಎಲ್‌ಎಲ್ ಲೋಡ್ ಆಗುವುದಿಲ್ಲ. ಆ್ಯಕ್ಸೆಸ್ ಅಥವಾ ಎಕ್ಸೆಲ್ ಫೈಲ್ ಓದುವ ಪ್ರೋಗ್ರಾಂಗಳಲ್ಲಿ ಇದು ಜಾಸ್ತಿ. ಪ್ರೊವೈಡರ್ (ಆ ಫೈಲ್ ಓದಿಕೊಡುವ ಡಿಎಲ್‌ಎಲ್) ರಿಜಿಸ್ಟರ್ ಆಗಿಲ್ಲ ಅಂತ ಎರರ್ ಬರುತ್ತದೆ. ಅಂಗಡಿಯಲ್ಲಿ ಆಫೀಸ್ ಹಾಕಿಯೇ ಇರುತ್ತಾರೆ, ಆದರೆ ಅದು 32 ಬಿಟ್‌ನದ್ದು. ನಿಮ್ಮ ಪ್ರೋಗ್ರಾಂ ಮತ್ತು ಆ ಪ್ರೊವೈಡರ್ ಎರಡೂ ಒಂದೇ ಬಿಟ್‌ನದ್ದಾಗಿರಬೇಕು.

ಪರೀಕ್ಷೆ ಮಾಡಲು ಒಂದು ಖಾಲಿ ಕಂಪ್ಯೂಟರ್ ಬೇಕೇ ಬೇಕು. ವರ್ಚುವಲ್ ಮಷಿನ್ ಆದರೂ ಆಯಿತು. ಅದರಲ್ಲಿ ವಿಶುವಲ್ ಸ್ಟುಡಿಯೋ ಹಾಕಬೇಡಿ. ಬರಿಯ ವಿಂಡೋಸ್ ಮಾತ್ರ ಇರಲಿ.

ಬಿಳಿಚಿ ನಿಲ್ಲುವುದು

ಕಿಟಕಿ ಬಿಳಿಚಿ, ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬರುತ್ತದೆ. ಕಿಟಕಿಯ ಥ್ರೆಡ್ 5 ಸೆಕೆಂಡ್ ತನಕ ಯಾವ ಮೆಸೇಜನ್ನೂ ತೆಗೆದುಕೊಳ್ಳದಿದ್ದರೆ ವಿಂಡೋಸ್ ಹಾಗೆ ತೋರಿಸುತ್ತದೆ. ಹೋಟೆಲಿನ ಗಲ್ಲೆಯಲ್ಲಿ ಕೂತವರೇ ಎದ್ದು ಹೋಗಿ ದೋಸೆ ಹಿಟ್ಟು ರುಬ್ಬಲು ನಿಂತರೆ ಹೇಗೆ? ಬಿಲ್ ಹಿಡಿದವರು ಸಾಲಿನಲ್ಲಿ ಕಾಯುತ್ತಾರೆ. ಇದೂ ಹಾಗೆಯೇ. ಕ್ಲಿಕ್, ಕೀಲಿ, ಚಿತ್ರ ಬಿಡಿಸುವುದು ಎಲ್ಲ ನೋಡಿಕೊಳ್ಳುವುದು ಒಂದೇ ಥ್ರೆಡ್. ಅದಕ್ಕೇ ವರ್ಷದ ರಿಪೋರ್ಟ್ ತೆಗೆಯುವ ಕೆಲಸವನ್ನೂ ಕೊಟ್ಟರೆ ಉಳಿದದ್ದೆಲ್ಲ ನಿಲ್ಲುತ್ತದೆ.

ಎಲ್ಲಿ ನಿಂತಿದೆ ಅಂತ ನೋಡುವುದು ಸುಲಭ. ನಿಮ್ಮ ಕಂಪ್ಯೂಟರಿನಲ್ಲೇ ಆದರೆ ಡಿಬಗರ್‌ನಲ್ಲಿ "ಬ್ರೇಕ್ ಆಲ್" ಒತ್ತಿ, ಮುಖ್ಯ ಥ್ರೆಡ್‌ನ ಕಾಲ್ ಸ್ಟ್ಯಾಕ್ ನೋಡಿ. ಅಂಗಡಿಯಲ್ಲಿ ಆದರೆ ಆಗ ಹೇಳಿದ ಡಂಪ್ ಫೈಲ್ ಇದೆ. ಯಾವ ಸಾಲಿನಲ್ಲಿ ಕಾಯುತ್ತಿದೆ ಅನ್ನುವುದು ಎದುರಿಗೇ ಇರುತ್ತದೆ.

ದೊಡ್ಡ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ ಕೊಡಿ. ಸಿ ಶಾರ್ಪ್‌ನಲ್ಲಿ ಅವೇಟ್ ಬಳಸಿ, ಕೆಲಸ ಮುಗಿಯುವ ತನಕ ಕಿಟಕಿಯ ಥ್ರೆಡ್ ಬಿಡುವಾಗಿರುತ್ತದೆ. ಆದರೆ ಅವೇಟ್ ಬಳಸುವ ಫಂಕ್ಷನ್ ಕರೆದು, ಕಿಟಕಿಯ ಥ್ರೆಡ್‌ನಲ್ಲೇ "ರಿಸಲ್ಟ್" ಅಥವಾ "ವೇಟ್" ಅಂತ ಕಾಯಬೇಡಿ. ಆ ಕೆಲಸ ಮುಗಿದ ಮೇಲೆ ಉಳಿದ ಸಾಲುಗಳಿಗೆ ಕಿಟಕಿಯ ಥ್ರೆಡ್ ಬೇಕು. ಕಿಟಕಿಯ ಥ್ರೆಡ್ ಆ ಕೆಲಸ ಮುಗಿಯಲಿ ಅಂತ ಕಾಯುತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ, ಸಂಜೆ ತನಕ ಬಿಟ್ಟರೂ ಬಿಡಿಸಿಕೊಳ್ಳುವುದಿಲ್ಲ.

ಹಿನ್ನೆಲೆಯ ಥ್ರೆಡ್‌ನಿಂದ ನೇರವಾಗಿ ಲೇಬಲ್, ಗ್ರಿಡ್ ಮುಟ್ಟಿದರೆ "ಕ್ರಾಸ್ ಥ್ರೆಡ್" ಎರರ್ ಬರುತ್ತದೆ. ಕೆಲಸವನ್ನು ಕಿಟಕಿಯ ಥ್ರೆಡ್‌ಗೇ ಒಪ್ಪಿಸುವ ಇನ್‌ವೋಕ್ ಮೂಲಕ ಮುಟ್ಟಿ. ಆ ಪರೀಕ್ಷೆಯನ್ನೇ ಆಫ್ ಮಾಡುವ ಒಂದು ಸಾಲು ಇದೆ. ಅದನ್ನು ದಯವಿಟ್ಟು ಬಳಸಬೇಡಿ. ಎರರ್ ಹೋಗುತ್ತದೆ, ತಪ್ಪು ಉಳಿಯುತ್ತದೆ. ಮಧ್ಯೆ ಮಧ್ಯೆ ಕ್ಲಿಕ್, ಕೀಲಿ ನೋಡಿಕೊಳ್ಳುವ "ಡುಈವೆಂಟ್ಸ್" ಸುರಿದು ಕಿಟಕಿ ಜೀವಂತ ಇಡುವ ಅಭ್ಯಾಸವೂ ಬೇಡ. ಆ ಮಧ್ಯದಲ್ಲಿ ಸೇವ್ ಬಟನ್ ಇನ್ನೊಮ್ಮೆ ಒತ್ತಿದರೆ ಒಂದೇ ಬಿಲ್ ಎರಡು ಸಲ ಸೇವ್ ಆಗುತ್ತದೆ. ಕೆಲಸ ಶುರುವಾದ ಕೂಡಲೇ ಬಟನ್ ಮಂಕು ಮಾಡಿ, ಮುಗಿದ ಮೇಲೆ ಬಿಡಿ. ಜಾವಾ ಸ್ವಿಂಗ್‌ನಲ್ಲಿ ಈ ಕೆಲಸಕ್ಕೆ ಸ್ವಿಂಗ್‌ವರ್ಕರ್ ಇದೆ. ಪೈಥಾನ್‌ನ ಟಿಕೆಇಂಟರ್‌ನಲ್ಲಿ ಒಂದು ಕ್ಯೂ ಇಟ್ಟು, "ಆಫ್ಟರ್" ಮೂಲಕ ಆಗಾಗ ನೋಡಿದರೆ ಸಾಕು.

ವಿಟ್ಲಪಿಂಡಿಯ ಹಿಂದಿನ ದಿನ ಬಿದ್ದ ಪ್ರೋಗ್ರಾಂ

ಇದು ನನ್ನದೇ ಪ್ರೋಗ್ರಾಂ, ನನ್ನದೇ ತಪ್ಪು. ಹುಡುಕಿದ ರೀತಿ ನಿಮಗೆ ಉಪಯೋಗವಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉಡುಪಿಯ ಒಂದು ಸಿಹಿತಿಂಡಿ ಅಂಗಡಿ. ಕೃಷ್ಣಾಷ್ಟಮಿಯ ದಿನ, ಅಂದರೆ ಮೊಸರುಕುಡಿಕೆಯ ವಿಟ್ಲಪಿಂಡಿಯ ಹಿಂದಿನ ದಿನ. ಚಕ್ಕುಲಿ, ಉಂಡೆ ಕೊಳ್ಳಲು ಬಾಗಿಲ ತನಕ ಜನ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಫೋನ್. "ಜಿಡಿಐ ಪ್ಲಸ್‌ನಲ್ಲಿ ಸಾಮಾನ್ಯ ದೋಷ" ಅನ್ನುವ ಅರ್ಥದ ಇಂಗ್ಲಿಷ್ ಎರರ್ ಬಂದು ಪ್ರೋಗ್ರಾಂ ಬಿದ್ದಿದೆ. ಜಿಡಿಐ ಅಂದರೆ ವಿಂಡೋಸ್‌ನಲ್ಲಿ ಚಿತ್ರ, ಅಕ್ಷರ ಬಿಡಿಸುವ ಭಾಗ. ಮತ್ತೆ ತೆರೆದರೆ ಸರಿ ಇದೆ. ಹಿಂದಿನ ವರ್ಷವೂ ಅದೇ ಹಬ್ಬಕ್ಕೆ ಹೀಗೇ ಆಗಿತ್ತು. ಆಗ ನಾನು ಪ್ರಿಂಟರ್ ಡ್ರೈವರ್ ಬದಲಿಸಿ ಬಂದಿದ್ದೆ. ಅವರು ಕಂಪ್ಯೂಟರ್ ಹಳೆಯದಾಯಿತು ಅಂತ ರ‍್ಯಾಮ್ 4 ಜಿಬಿಯಿಂದ 8ಕ್ಕೆ ಏರಿಸಿದ್ದರು. ಎರಡೂ ಊಹೆ. ವರ್ಷವಿಡೀ ಏನೂ ಆಗಲಿಲ್ಲ, ಹಾಗಾಗಿ ಸರಿಹೋಯಿತು ಅಂದುಕೊಂಡೆವು.

ಈ ಸಲ ಊಹೆ ಬಿಟ್ಟು ನೋಡಲು ಕೂತೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದೆ. ಡೀಟೇಲ್ಸ್ ಟ್ಯಾಬ್. ಕಾಲಂ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ "ಜಿಡಿಐ ಆಬ್ಜೆಕ್ಟ್ಸ್" ಅನ್ನುವ ಕಾಲಂ ಸೇರಿಸಿದೆ. ಪ್ರೋಗ್ರಾಂ ತೆರೆದಾಗ 180. ಒಂದು ಬಿಲ್ ಮಾಡಿದೆ, 192. ಇನ್ನೊಂದು, 204. ಮತ್ತೊಂದು, 216. ಇಳಿಯುವುದೇ ಇಲ್ಲ. ಪ್ರತಿ ಬಿಲ್ಲಿಗೂ ಸರಿಯಾಗಿ 12.

ಹನ್ನೆರಡು ಏನು? ಸ್ಕ್ರೀನಿನ ಬಲಗಡೆ ಜಾಸ್ತಿ ಹೋಗುವ ತಿಂಡಿಗಳ ಚಿತ್ರವಿರುವ ಬಟನ್‌ಗಳನ್ನು ಇಟ್ಟಿದ್ದೆ. ಎಣಿಸಿದೆ. ಮೂರು ಸಾಲು, ಸಾಲಿಗೆ ನಾಲ್ಕು. ಹನ್ನೆರಡು! ಅಲ್ಲಿಂದ ಕೋಡಿಗೆ ಹೋಗಲು ಐದು ನಿಮಿಷ ಬೇಕಾಗಲಿಲ್ಲ. ಹೊಸ ಬಿಲ್ ಶುರುವಾದಾಗಲೆಲ್ಲ ಆ ಹನ್ನೆರಡು ಚಿತ್ರಗಳನ್ನು ಹೊಸದಾಗಿ ಮಾಡುತ್ತಿದ್ದೆ. ಚಿಕ್ಕದು ಮಾಡಲು ವಿಂಡೋಸ್‌ನ ಹಳೆಯ ಫಂಕ್ಷನ್ ಬಳಸಿದ್ದೆ, ಅದಕ್ಕಾಗಿ "ಗೆಟ್‌ಎಚ್‌ಬಿಟ್‌ಮ್ಯಾಪ್" ಕರೆದಿದ್ದೆ. ಅದು ಕೊಡುವ ಹ್ಯಾಂಡಲನ್ನು (ಆ ಚಿತ್ರಕ್ಕೆ ವಿಂಡೋಸ್ ಕೊಡುವ ಗುರುತು) ನಾವೇ "ಡಿಲೀಟ್‌ಆಬ್ಜೆಕ್ಟ್" ಕರೆದು ಬಿಡಬೇಕು. ಬಳಸದ ಮೆಮೊರಿಯನ್ನು ತಾನೇ ಬಿಡಿಸುವ ಡಾಟ್‌ನೆಟ್‌ನ ಗಾರ್ಬೇಜ್ ಕಲೆಕ್ಟರ್ ಅದನ್ನು ಮುಟ್ಟುವುದಿಲ್ಲ. ನಾನು ಬಿಟ್ಟಿರಲಿಲ್ಲ.

ಒಂದು ಪ್ರೋಗ್ರಾಂಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಜಿಡಿಐ ಹ್ಯಾಂಡಲ್ 10,000. ಎಷ್ಟು ರ‍್ಯಾಮ್ ಹಾಕಿದರೂ ಅಷ್ಟೇ. 180 ಕಳೆದು 12ರಿಂದ ಭಾಗಿಸಿದರೆ 818 ಬಿಲ್. ಆ ದಿನ 811ನೇ ಬಿಲ್ಲಿಗೆ ಬಿದ್ದಿತ್ತು, ಮಧ್ಯೆ ತೆರೆದ ಬೇರೆ ಕಿಟಕಿಗಳೂ ಒಂದಿಷ್ಟು ಹಿಡಿದುಕೊಂಡಿದ್ದವು. ಮಾಮೂಲಿ ದಿನ ಆ ಅಂಗಡಿಯಲ್ಲಿ 300ರಿಂದ 350 ಬಿಲ್. ರಾತ್ರಿ ಕಂಪ್ಯೂಟರ್ ಆಫ್ ಮಾಡುತ್ತಾರೆ, ಬೆಳಿಗ್ಗೆ ಎಣಿಕೆ ಮೊದಲಿನಿಂದ ಶುರು. ಅಷ್ಟಮಿಗೆ ಮಾತ್ರ ಎಂಟುನೂರು ದಾಟುತ್ತಿತ್ತು.

ಹ್ಯಾಂಡಲ್ ಬಿಡುವ ಸಾಲು ಸೇರಿಸಿದೆ. ಚಿತ್ರಗಳನ್ನು ಪ್ರೋಗ್ರಾಂ ತೆರೆದಾಗ ಒಂದೇ ಸಲ ಮಾಡಿಟ್ಟುಕೊಳ್ಳುವ ಹಾಗೆ ಬದಲಿಸಿದೆ. ಮತ್ತೆ ಅದೇ ಕಾಲಂ ನೋಡಿದೆ. 180, 180, 180. ಇಪ್ಪತ್ತು ಬಿಲ್ ಮಾಡಿದರೂ ಅಲ್ಲಾಡಲಿಲ್ಲ.

"ಸಂಜೆ ಆಗುತ್ತಾ ಸ್ಲೋ ಆಗ್ತದೆ", "ರೀಸ್ಟಾರ್ಟ್ ಮಾಡಿದ್ರೆ ಸರಿ ಆಗ್ತದೆ" ಅನ್ನುವ ಮಾತು ಕೇಳಿದರೆ ಏನೋ ಸೋರುತ್ತಿದೆ ಅಂತಲೇ ಲೆಕ್ಕ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ, ಹ್ಯಾಂಡಲ್ಸ್, ಯೂಸರ್ ಆಬ್ಜೆಕ್ಟ್ಸ್, ಜಿಡಿಐ ಆಬ್ಜೆಕ್ಟ್ಸ್ ನಾಲ್ಕೂ ಕಾಲಂ ಇಡಿ. ಒಂದೇ ಕೆಲಸವನ್ನು ಹತ್ತು ಸಲ ಮಾಡಿ. ಪ್ರತಿ ಸಲ ಎಷ್ಟು ಏರುತ್ತದೆ ಅಂತ ಬರೆದುಕೊಳ್ಳಿ. ಆ ಅಂಕಿಯನ್ನು ಸ್ಕ್ರೀನಿನಲ್ಲಿ ಕಾಣುವ ವಸ್ತುಗಳ ಜೊತೆ ಹೋಲಿಸಿ. ಮೆಮೊರಿ ಮಾತ್ರ ಏರುತ್ತಿದ್ದರೆ, ಮುಚ್ಚಿದ ಕಿಟಕಿಯ ಫಂಕ್ಷನ್ ಇನ್ನೂ ಯಾವುದಾದರೂ ಈವೆಂಟ್‌ಗೆ ಸೇರಿಕೊಂಡಿದೆಯಾ ನೋಡಿ. ಸೇರಿಸಿದ್ದನ್ನು ಮುಚ್ಚುವಾಗ ತೆಗೆಯಬೇಕು.

ಕನ್ನಡ ಅಕ್ಷರ ಕೆಟ್ಟಾಗ

ಕನ್ನಡ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಅವರ "ಸೇಡಿಯಾಪು" ತಂತ್ರಾಂಶದ ಹೆಸರೂ ನಮ್ಮ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದ್ದೇ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಇಷ್ಟು ದುಡಿದ ಊರಿನಲ್ಲಿ ಕೂತು, ಬಿಲ್ಲಿನಲ್ಲಿ ಕನ್ನಡ ಸರಿ ಬರುವುದಿಲ್ಲ ಅಂತ ಇಂಗ್ಲಿಷಿಗೆ ಹೋಗಲು ನನಗೆ ಮನಸ್ಸಿಲ್ಲ. ತೊಂದರೆಗಳು ಇರುವುದು ನಾಲ್ಕೇ ಬಗೆ, ನೋಡಿದ ಕೂಡಲೇ ಗುರುತು ಹಿಡಿಯಬಹುದು.

ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಡೇಟಾ ಸರಿ ಇದೆ, ಫಾಂಟ್ ಇಲ್ಲ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇರುತ್ತದೆ, ಹಿಂದಿನದರಲ್ಲಿ ತುಂಗಾ. ಕಂಟ್ರೋಲ್‌ಗೆ ಆ ಫಾಂಟ್ ಕೊಡಿ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಸುದ್ದಿ ಕೆಟ್ಟದ್ದು. ಅಕ್ಷರ ಆಗಲೇ ಹೋಗಿದೆ, ವಾಪಸ್ ತರಲು ಆಗುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ "ವಾರ್‌ಚಾರ್" ಇದ್ದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೀಗಾಗುತ್ತದೆ. "ಎನ್‌ವಾರ್‌ಚಾರ್" ಮಾಡಿ. ಕ್ವೆರಿಯಲ್ಲಿ ಕನ್ನಡವನ್ನು ನೇರ ಬರೆದಿದ್ದರೆ ಕೋಟ್ ಶುರುವಾಗುವ ಮೊದಲು ದೊಡ್ಡ ಎನ್ ಅಕ್ಷರ ಬೇಕು. ಪ್ಯಾರಾಮೀಟರ್ ಬಳಸಿದರೆ ಈ ತಲೆನೋವೇ ಇಲ್ಲ.

ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ ಅಕ್ಷರ ಮತ್ತೆ ಮತ್ತೆ ಬಂದರೆ, ಅದು ಯುಟಿಎಫ್ 8 ಅನ್ನುವ ಎನ್‌ಕೋಡಿಂಗ್‌ನಲ್ಲಿ (ಅಕ್ಷರವನ್ನು ಬೈಟ್ ಆಗಿ ಬರೆಯುವ ಪದ್ಧತಿ) ಬರೆದದ್ದನ್ನು ಬೇರೆ ಎನ್‌ಕೋಡಿಂಗ್‌ನಲ್ಲಿ ಓದಿದ ಗುರುತು. ಡೇಟಾ ಸರಿಯೇ ಇದೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಹೀಗೆ ಕಾಣುವುದು ಮಾಮೂಲಿ. ಫೈಲ್ ಬರೆಯುವಾಗ ಶುರುವಿಗೆ ಬಿಒಎಂ ಅನ್ನುವ ಎನ್‌ಕೋಡಿಂಗ್ ಗುರುತು ಸೇರಿಸಿದರೆ ಎಕ್ಸೆಲ್ ಸರಿಯಾಗಿ ಓದುತ್ತದೆ.

ನಾಲ್ಕನೆಯದು ನಮ್ಮಲ್ಲೇ ಜಾಸ್ತಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ರೀತಿಯಲ್ಲಿ ತುಂಬಿಸಿದ ಡೇಟಾ. ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕನ್ವರ್ಟರ್ ಬಳಸಿ ಒಂದೇ ಸಲ ಎಲ್ಲವನ್ನೂ ಯುನಿಕೋಡ್‌ಗೆ ತನ್ನಿ. ಹಳೆಯ ಡೇಟಾಬೇಸಿನ ನಕಲು ಇಟ್ಟುಕೊಂಡು ಮಾಡಿ. ಅರ್ಕಾವೊತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕೈಯಾರೆ ನೋಡಿ.

ಉದ್ದದ ಲೆಕ್ಕವನ್ನೂ ಮರೆಯಬೇಡಿ. "ಮಂಗಳೂರು" ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ 7 ಸಂಕೇತ, ಯುಟಿಎಫ್ 8ರಲ್ಲಿ 21 ಬೈಟ್. ಬಿಲ್ಲಿನ ಕಾಲಂಗೆ ಸರಿಯಾಗಲಿ ಅಂತ ಇಂಗ್ಲಿಷಿನ ಅಳತೆಯಲ್ಲಿ ಕತ್ತರಿಸಿದರೆ ಕೊಂಬು, ದೀರ್ಘ ಹಾರಿಹೋಗುತ್ತದೆ.

ಥರ್ಮಲ್ ಪ್ರಿಂಟರಿಗೆ ಅಕ್ಷರವಾಗಿ ಕಳಿಸಿದರೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಅದರೊಳಗಿನ ಫಾಂಟ್‌ನಲ್ಲಿ ಕನ್ನಡ ಇರುವುದಿಲ್ಲ. ಬಿಲ್ಲನ್ನು ಚಿತ್ರವಾಗಿ ಬಿಡಿಸಿ ಕಳಿಸಿ. 80 ಮಿಲಿಮೀಟರ್ ಪೇಪರಿಗೆ 576 ಚುಕ್ಕೆ, 58ರದ್ದಕ್ಕೆ 384 ಚುಕ್ಕೆ ಅಗಲ ಇಟ್ಟುಕೊಂಡರೆ ಹೆಚ್ಚಿನ ಪ್ರಿಂಟರಿನಲ್ಲಿ ಸರಿಹೋಗುತ್ತದೆ.

ಲೆಕ್ಕ ತಪ್ಪುವುದು, ತಾರೀಕು ತಪ್ಪುವುದು

ಹಣಕ್ಕೆ ಡಬಲ್ ಅನ್ನುವ ಸಂಖ್ಯೆಯ ಬಗೆ ಬಳಸಬೇಡಿ. ಅದರಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಡೆಸಿಮಲ್ ಬಳಸಿ. ಡೆಸಿಮಲ್ ಬಳಸಿದರೂ ಡಾಟ್‌ನೆಟ್‌ನ ರೌಂಡ್ ಫಂಕ್ಷನ್ 2.5 ಅನ್ನು 2 ಮಾಡುತ್ತದೆ, 3.5 ಅನ್ನು 4 ಮಾಡುತ್ತದೆ. ಸರಿಸಂಖ್ಯೆಯ ಕಡೆಗೆ ಹೋಗುವುದು ಅದರ ಪದ್ಧತಿ. ಅಂಗಡಿಯವರು ಕ್ಯಾಲ್ಕುಲೇಟರಿನಲ್ಲಿ ಕೂಡಿ "ಒಂದು ಪೈಸೆ ವ್ಯತ್ಯಾಸ ಉಂಟಲ್ಲ?" ಅಂತ ಕೇಳುವುದು ಇದರಿಂದಲೇ ಇರಬಹುದು. ಅರ್ಧ ಬಂದಾಗ ಮೇಲಕ್ಕೆ ಹೋಗು ಅಂತ ಸ್ಪಷ್ಟವಾಗಿ ಹೇಳಿ. ಪ್ರತಿ ಸಾಲಿಗೆ ರೌಂಡ್ ಮಾಡುತ್ತೀರಾ, ಒಟ್ಟಿಗೆ ಮಾಡುತ್ತೀರಾ ಅನ್ನುವುದನ್ನು ಒಮ್ಮೆ ನಿರ್ಧರಿಸಿ, ಎಲ್ಲ ರಿಪೋರ್ಟಿನಲ್ಲೂ ಹಾಗೇ ಮಾಡಿ.

ತೆರಿಗೆ ದರವನ್ನು ಕೋಡಿನೊಳಗೆ ಬರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಪ್ಯಾಕೆಟ್ ಮಾಡಿದ ಚಕ್ಕುಲಿ, ಮಿಕ್ಸ್ಚರ್ 12ರಿಂದ 5 ಶೇಕಡಕ್ಕೆ ಇಳಿಯಿತು. ದರ ಒಂದೇ ಕಡೆ ಇಟ್ಟು ಬದಲಿಸಿದವರಿಗೆ ಇನ್ನೊಂದು ತೊಂದರೆ ಬಂತು. ಆಗಸ್ಟ್‌ನ ಬಿಲ್ಲನ್ನು ಮತ್ತೆ ಪ್ರಿಂಟ್ ಮಾಡಿದರೆ ಹೊಸ ದರ ಬರುತ್ತಿತ್ತು. ದರದ ಪಟ್ಟಿಯಲ್ಲಿ "ಯಾವ ದಿನದಿಂದ" ಅನ್ನುವ ಕಾಲಂ ಇರಲಿ. ಬಿಲ್ಲಿನ ಪ್ರತಿ ಸಾಲಿನಲ್ಲೂ ಆ ದಿನದ ದರ ಉಳಿದಿರಲಿ.

ತಾರೀಕಿನ ತೊಂದರೆಗೆ ಒಂದು ಚೆಂದದ ಗುರುತಿದೆ. ತಿಂಗಳ 12ರ ತನಕ ಎಲ್ಲ ಸರಿ, 13ರಿಂದ ಎರರ್. ಹಾಗೆ ಕೇಳಿದ ಕೂಡಲೇ ಆ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ನೋಡಿ, ಅಮೆರಿಕದ್ದು ಇರುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 13ನೇ ತಿಂಗಳು ಇಲ್ಲವಲ್ಲ. ಆದರೆ ಎರರ್ ಬಂದ ದಿನಗಳಿಗಿಂತ ಎರರ್ ಬರದ ಹನ್ನೆರಡು ದಿನಗಳೇ ಅಪಾಯ. ಜೂನ್ 5ರ ಬಿಲ್ ಸದ್ದಿಲ್ಲದೆ ಮೇ 6ಕ್ಕೆ ಹೋಗಿರುತ್ತದೆ. ಸೆಟ್ಟಿಂಗ್ ಬದಲಿಸಿ ಸುಮ್ನೆ ಬರಬೇಡಿ. ಕೋಡಿನಲ್ಲೇ ತಾರೀಕಿನ ಮಾದರಿ ನಿಗದಿ ಮಾಡಿ, ಡೇಟಾಬೇಸಿಗೆ ತಾರೀಕನ್ನು ಅಕ್ಷರವಾಗಿ ಅಲ್ಲ, ತಾರೀಕಾಗಿಯೇ ಕಳಿಸಿ. ಹಳೆಯ ಬಿಲ್‌ಗಳನ್ನು ಬಿಲ್ ನಂಬರಿನ ಕ್ರಮದಲ್ಲಿ ಇಟ್ಟು ನೋಡಿದರೆ ತಪ್ಪಿದ ತಾರೀಕುಗಳು ಎದ್ದು ಕಾಣುತ್ತವೆ.

ಡೇಟಾಬೇಸ್ ಮತ್ತು ಮಳೆಗಾಲ

ಸಣ್ಣ ಅಂಗಡಿಗೆ ಎಸ್‌ಕ್ಯುಲೈಟ್ ಒಳ್ಳೆಯದು. ಒಂದೇ ಫೈಲ್, ಬೇರೆ ಸರ್ವರ್ ಬೇಡ. ಅದರಲ್ಲಿ ಒಂದು ಹೊತ್ತಿಗೆ ಬರೆಯಲು ಒಬ್ಬರಿಗೇ ಅವಕಾಶ. "ಡೇಟಾಬೇಸ್ ಈಸ್ ಲಾಕ್ಡ್" ಅಂತ ಬಂದರೆ ಮೊದಲು ನಿಮ್ಮ ಕೋಡಿನಲ್ಲಿ ಮುಚ್ಚದೆ ಬಿಟ್ಟ ರೀಡರ್, ಮುಗಿಸದ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಬರಹಗಳ ಗುಂಪು) ಇದೆಯಾ ನೋಡಿ. ಎಲ್ಲವನ್ನೂ, ಕೆಲಸ ಮುಗಿದ ಮೇಲೆ ತಾನೇ ಮುಚ್ಚುವ "ಯೂಸಿಂಗ್" ಒಳಗೆ ಇಡಿ. ಬಿಝಿ ಟೈಮ್‌ಔಟ್ (ಲಾಕ್ ಬಿಡುವ ತನಕ ಕಾಯುವ ಸಮಯ) ಒಂದೆರಡು ಸೆಕೆಂಡ್ ಕೊಡಿ. ಎರಡು ಮೂರು ಕೌಂಟರ್ ಆದಾಗ ಆ ಫೈಲನ್ನು ಶೇರ್ ಮಾಡಿದ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ಬರೆಯುವ ಹಾಗೆ ಮಾಡಬೇಡಿ. ನೆಟ್‌ವರ್ಕ್ ಫೋಲ್ಡರಿನಲ್ಲಿ ಲಾಕ್ ನಂಬುವ ಹಾಗಿಲ್ಲ, ಫೈಲೇ ಕೆಡಬಹುದು. ಆಗ ಸರ್ವರ್ ಇರುವ ಡೇಟಾಬೇಸಿಗೆ ಹೋಗಿ.

ಜೂನ್ ಬಂತೆಂದರೆ ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ಬಿಲ್ಲಿನ ತಲೆ ಮತ್ತು ಸಾಲುಗಳು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹೋಗಲಿ. ಬರೆದದ್ದು ಡಿಸ್ಕ್ ತಲುಪುವ ತನಕ ಕಾಯುವ "ಸಿಂಕ್ರೊನಸ್" ಸೆಟ್ಟಿಂಗನ್ನು ವೇಗಕ್ಕಾಗಿ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ. ಕರೆಂಟ್ ಬಂದ ಮೇಲೆ ಡೇಟಾಬೇಸ್ ಪಕ್ಕದಲ್ಲಿ "ಜರ್ನಲ್" ಅಥವಾ "ವಾಲ್" ಅಂತ ಕೊನೆಯಾಗುವ ಫೈಲ್ ಕಂಡರೆ ಅಳಿಸಬೇಡಿ. ಅರ್ಧ ನಿಂತ ಕೆಲಸವನ್ನು ಸರಿಪಡಿಸುವ ಮಾಹಿತಿ ಇರುವುದು ಅದರಲ್ಲೇ. ನಕಲು ತೆಗೆಯುವಾಗಲೂ ಅದನ್ನು ಸೇರಿಸಿಯೇ ತೆಗೆಯಿರಿ.

ಇನ್ನೆರಡು ಸಣ್ಣವು

ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೆ ಸೆಟ್ಟಿಂಗ್, ಲಾಗ್ ಬರೆಯಬೇಡಿ. ನಿಮಗೆ ಅಡ್ಮಿನ್ ಹಕ್ಕು ಇದೆ, ಅಂಗಡಿಯ ಹುಡುಗನಿಗೆ ಇಲ್ಲ. ಒಬ್ಬರದ್ದೇ ಆದರೆ ಆ್ಯಪ್‌ಡೇಟಾ, ಎಲ್ಲರಿಗೂ ಬೇಕಾದರೆ ಪ್ರೋಗ್ರಾಂಡೇಟಾ.

ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನ್ ಸ್ಕೇಲಿಂಗ್ 125 ಅಥವಾ 150 ಶೇಕಡ ಇರುತ್ತದೆ. ಬಟನ್ ಅರ್ಧ ಮುಚ್ಚಿಹೋಗುವುದು, ಅಕ್ಷರ ಮಸುಕಾಗುವುದು ಇದರಿಂದ. ನಿಮ್ಮ ಸ್ಕ್ರೀನಿನಲ್ಲೂ ಒಮ್ಮೆ ಹಾಗೆ ಇಟ್ಟು ನೋಡಿ, ಅಗತ್ಯವಿದ್ದರೆ ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಂ ಬಗ್ಗೆ ವಿಂಡೋಸ್‌ಗೆ ಹೇಳುವ ಫೈಲ್) ಡಿಪಿಐ ಸೆಟ್ಟಿಂಗ್ ಸೇರಿಸಿ.

ಯಾವ ಬದಲಾವಣೆಯಿಂದ ಕೆಟ್ಟಿತು

ಹಿಂದಿನ ತಿಂಗಳು ಸರಿ ಇತ್ತು, ಈಗ ಇಲ್ಲ, ಕಾರಣವೂ ಕಾಣುತ್ತಿಲ್ಲ ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ "ಬೈಸೆಕ್ಟ್" ಬಳಸಿ. ಹಾಗೆ ದಾಖಲಿಸಿದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಸರಿ ಇದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ಹೇಳಿ. ಅದು ನಡುವಿನದನ್ನು ತೆಗೆದುಕೊಡುತ್ತದೆ. ಪರೀಕ್ಷೆ ಮಾಡಿ ಸರಿ ಅಥವಾ ಕೆಟ್ಟದ್ದು ಅನ್ನಿ. ಪ್ರತಿ ಸಲ ಅರ್ಧ ಬಿಟ್ಟುಹೋಗುತ್ತದೆ. 1,000 ಕಮಿಟ್ ಇದ್ದರೂ ಸುಮಾರು 10 ಸಲಕ್ಕೆ ಆ ಒಂದು ಬದಲಾವಣೆ ಕೈಗೆ ಸಿಗುತ್ತದೆ. ಇದು ಚೆನ್ನಾಗಿ ಕೆಲಸ ಮಾಡಬೇಕಾದರೆ ಕಮಿಟ್‌ಗಳು ಸಣ್ಣದಿರಬೇಕು. ಒಂದು ವಾರದ ಕೆಲಸವನ್ನು ಒಂದೇ ಕಮಿಟ್‌ನಲ್ಲಿ ತುರುಕಿದರೆ ಸಿಕ್ಕಿಯೂ ಸಿಗದ ಹಾಗೆ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸರಿಪಡಿಸುವ ಮೊದಲು ತೊಂದರೆಯನ್ನು ನೀವೇ ಒಮ್ಮೆ ಬರಿಸಿ. ಸರಿಪಡಿಸಿದ ಮೇಲೆ ಅದೇ ರೀತಿ ಮಾಡಿ, ಬರುವುದಿಲ್ಲ ಅಂತ ನೋಡಿ.

ಹೊಸ ವರ್ಶನ್ ಹಾಕುವ ಮೊದಲು ಹಳೆಯ ಫೋಲ್ಡರನ್ನು ಹಾಗೇ ಎತ್ತಿಡಿ, ಡೇಟಾಬೇಸಿನ ನಕಲು ತೆಗೆಯಿರಿ. ವರ್ಶನ್ ನಂಬರ್ ಮುಖ್ಯ ಕಿಟಕಿಯ ಮೇಲೆ ಕಾಣುವ ಹಾಗಿರಲಿ, ಫೋನಿನಲ್ಲಿ ಕೇಳಿದರೆ ಓದಿ ಹೇಳುವಂತೆ. ಹಬ್ಬದ ಹಿಂದಿನ ದಿನ ಹಾಕಲು ಹೋಗಬೇಡಿ. ವ್ಯಾಪಾರ ಕಡಿಮೆ ಇರುವ ದಿನ ನೋಡಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಮೊದಲ ಇಪ್ಪತ್ತು ಬಿಲ್ ಆಗುವ ತನಕ ಕೌಂಟರಿನ ಪಕ್ಕದಲ್ಲೇ ಕೂತಿರಿ. ಆ ಸಿಹಿತಿಂಡಿ ಅಂಗಡಿಯಲ್ಲಿ ನಾನು ಈಗಲೂ ಹಾಗೇ ಕೂರುತ್ತೇನೆ, ಟಾಸ್ಕ್ ಮ್ಯಾನೇಜರಿನ ಆ ನಾಲ್ಕು ಕಾಲಂ ತೆರೆದಿಟ್ಟುಕೊಂಡು.